1969ರ ಶೆವೆಲ್ ಎಂಜಿನ್ ಕೆಲಸ: ನಾಲ್ಕು ವರ್ಷ, ಎರಡು ಶಾಪ್

ನಾನಿರುವುದು ಮಿಷಿಗನ್‌ನ ಟ್ರಾಯ್‌ನಲ್ಲಿ. ಕಾರು 1969ರ ಶೆವರ್ಲೆ ಶೆವೆಲ್ ಎಸ್‌ಎಸ್ 396, 325 ಹಾರ್ಸ್‌ಪವರ್‌ನದು. ಕಾರ್ಖಾನೆಯಲ್ಲಿ ಕೂರಿಸಿದ ಎಂಜಿನ್ನೇ ಇನ್ನೂ ಇದೆ. ಅದನ್ನು ಪೂರ್ತಿ ಬಿಚ್ಚಿ ಕಟ್ಟಲು 2021ರ ಮಾರ್ಚ್‌ನಲ್ಲಿ ಹತ್ತಿರದ ಒಂದು ರೆಸ್ಟೊರೇಷನ್ ಶಾಪ್‌ಗೆ ಕೊಟ್ಟೆ. ನಾಲ್ಕು ತಿಂಗಳು ಅಂದಿದ್ದರು, ಹದಿನಾಲ್ಕು ತಿಂಗಳಾಯಿತು. ಬಿಲ್ 9,400 ಡಾಲರ್. ತಡವಾಗಿದ್ದಕ್ಕೆ ಸಿಟ್ಟಿಲ್ಲ. ಹಳೆ ಕಾರಿನ ಕೆಲಸ ಹಾಗೇ, ಅದು ಗೊತ್ತಿದ್ದೇ ಕೊಟ್ಟಿದ್ದು.

212 ಮೈಲಿ ಓಡಿಸಿದ್ದೆ ಅಷ್ಟೇ, ಟಿಕ್ ಟಿಕ್ ಅಂತ ಸದ್ದು ಶುರುವಾಯಿತು. ವಾಪಸ್ ಒಯ್ದೆ. ವಾಲ್ವ್ ಕವರ್ ತೆಗೆದು ನೋಡಿದರೆ ಎರಡು ವಾಲ್ವ್ ಸರಿಯಾಗಿ ಮೇಲೇಳುತ್ತಲೇ ಇಲ್ಲ. ವಾಲ್ವ್‌ಗಳನ್ನು ತೆರೆಯಿಸುವ ಕ್ಯಾಮ್‌ಶಾಫ್ಟ್‌ನ ಎರಡು ಲೋಬ್ (ಅದರ ಮೊಟ್ಟೆಯಾಕಾರದ ಉಬ್ಬು) ಸವೆದು ಗುಂಡಗಾಗಿದ್ದವು.

ಇದು ಆ ಕಾಲದ ಎಂಜಿನ್‌ಗಳಿಗೆ ಬರುವ ಮಾಮೂಲಿ ರೋಗ. ಇವುಗಳಲ್ಲಿ ಲಿಫ್ಟರ್‌ಗೆ, ಅಂದರೆ ಲೋಬ್‌ನ ತಳ್ಳುವಿಕೆಯನ್ನು ವಾಲ್ವ್ ಕಡೆ ಮುಟ್ಟಿಸುವ ಭಾಗಕ್ಕೆ, ರೋಲರ್ ಇರುವುದಿಲ್ಲ, ಅದರ ತಳ ನೇರವಾಗಿ ಲೋಬ್ ಮೇಲೆ ಉಜ್ಜುತ್ತದೆ. ಲಿಫ್ಟರ್ ತನ್ನಷ್ಟಕ್ಕೆ ತಿರುಗುತ್ತಾ ಇದ್ದರೆ ಸವೆತ ಕಡಿಮೆ. ತಿರುಗುವುದು ನಿಂತರೆ ಕೆಲವೇ ನಿಮಿಷದಲ್ಲಿ ಲೋಬ್ ಹೋಯಿತು. ಅದಕ್ಕೇ ಹೊಸ ಕ್ಯಾಮ್ ಹಾಕಿದಾಗ, ಮೊದಲ ಸ್ಟಾರ್ಟ್ ಆದ ಕೂಡಲೇ 2000ದಿಂದ 2500 ಆರ್‌ಪಿಎಂನಲ್ಲಿ 20-30 ನಿಮಿಷ ಓಡಿಸಬೇಕು, ಐಡಲ್‌ನಲ್ಲಿ ಬಿಡಬಾರದು, ಏಕೆಂದರೆ ಲೋಬ್‌ಗಳಿಗೆ ಆಯಿಲ್ ಸಿಗುವುದೇ ಕೆಳಗಿನ ಕ್ರ್ಯಾಂಕ್‌ಶಾಫ್ಟ್ ಜೋರಾಗಿ ತಿರುಗಿ ಎರಚುವುದರಿಂದ. ಆಯಿಲ್‌ನಲ್ಲಿ ಜಿಂಕ್, ಫಾಸ್ಫರಸ್ ಇರುವ ಜೆಡ್‌ಡಿಡಿಪಿ ಎಂಬ ಸವೆತ ತಡೆಯುವ ರಾಸಾಯನಿಕವೂ ಸಾಕಷ್ಟು ಇರಬೇಕು. ಈಗಿನ ಕಾರುಗಳ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದು ಅಂತ ಅದನ್ನು ಇಳಿಸುತ್ತಾ ಬಂದಿದ್ದಾರೆ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ (ಎಪಿಐ) ಆಯಿಲ್‌ಗೆ ಕೊಡುವ ದರ್ಜೆಗಳಲ್ಲಿ, 2004ರ ಎಸ್‌ಎಂ ದರ್ಜೆಯಲ್ಲಿ 5ಡಬ್ಲ್ಯೂ-30ರಂಥ ತೆಳು ಆಯಿಲ್‌ಗೆ ಫಾಸ್ಫರಸ್ ಮಿತಿ ಶೇ. 0.08 ಆಯಿತು. ಹಳೆ ಎಂಜಿನ್ ಕಟ್ಟುವವರಿಗೆಲ್ಲ ಗೊತ್ತಿರುವ ವಿಷಯ ಇದು.

ಶಾಪ್‌ನವರ ಮೊದಲ ಪ್ರಶ್ನೆ, "ನೀವು ಯಾವ ಆಯಿಲ್ ಹಾಕಿದಿರಿ?" ನಾನು ಆಯಿಲ್ ಬದಲಾಯಿಸಿರಲೇ ಇಲ್ಲ. ಅವರದೇ ಬಿಲ್ ತೆಗೆದು ತೋರಿಸಿದೆ. ಅದರಲ್ಲಿ ಬರೆದಿದ್ದು ಮಾಮೂಲಿ 5ಡಬ್ಲ್ಯೂ-30. ಆಮೇಲೆ ಸುಮ್ಮನಾದರು, ಹೊಸ ಕ್ಯಾಮ್ ಮತ್ತು ಲಿಫ್ಟರ್ ಪುಕ್ಕಟೆ ಹಾಕಿದರು. ಲೇಬರ್ ಮಾತ್ರ 2,800 ಡಾಲರ್ ಹಿಡಿದರು. ಜಗಳ ಬೇಡ ಅಂತ ಕೊಟ್ಟುಬಿಟ್ಟೆ. ಕೊಡಬಾರದಿತ್ತು.

ನಿಜವಾದ ತಪ್ಪು ನಡೆದದ್ದು ಇಲ್ಲಿ. ಎರಡು ಲೋಬ್ ಸವೆದರೆ ಆ ಕಬ್ಬಿಣವೆಲ್ಲ ಪುಡಿಯಾಗಿ ಆಯಿಲ್ ಜೊತೆ ಎಂಜಿನ್ ತುಂಬಾ ಓಡಾಡಿರುತ್ತದೆ. ಬ್ಲಾಕ್ (ಎಂಜಿನ್‌ನ ಮುಖ್ಯ ಎರಕದ ಭಾಗ) ಬಿಚ್ಚಿ, ಆಯಿಲ್ ದಾರಿಗಳ ಪ್ಲಗ್ ತೆಗೆದು, ಬ್ರಷ್ ಹಾಕಿ ತೊಳೆಯಬೇಕು. ಇವರು ಎಂಜಿನ್ ಕಾರಿನಿಂದ ಇಳಿಸಲೇ ಇಲ್ಲ. ಕನ್ನಡ ಕೂಟದ ಗೆಳೆಯರೊಬ್ಬರು ಎಂಜಿನ್ ಟೆಸ್ಟಿಂಗ್‌ನಲ್ಲಿ ಕೆಲಸ ಮಾಡುತ್ತಾರೆ. ಅವರು, "ಮಾರಾಯ, ಮೊದಲು ಆ ಆಯಿಲ್ ಫಿಲ್ಟರ್ ಕತ್ತರಿಸಿ ನೋಡು" ಅಂದರು. ಕತ್ತರಿಸಿ ಒಳಗಿನ ಕಾಗದ ಬಿಡಿಸಿದರೆ ಮಡಿಕೆ ಮಡಿಕೆಯಲ್ಲೂ ಮಿಣಮಿಣ. ಸ್ವಲ್ಪ ಮ್ಯಾಗ್ನೆಟ್‌ಗೆ ಹಿಡಿಯಿತು, ಅದು ಕ್ಯಾಮ್‌ದು. ಹಿಡಿಯದೇ ಉಳಿದದ್ದು ಬೇರಿಂಗ್‌ದು. ಆ ದಿನ ಗ್ಯಾರೇಜ್‌ನಲ್ಲಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಆಯಿಲ್ ಪ್ರೆಷರ್ ದಿನೇ ದಿನೇ ಇಳಿಯಿತು. 640 ಮೈಲಿಗೆ ಕ್ರ್ಯಾಂಕ್‌ಶಾಫ್ಟ್ ಹೊತ್ತಿರುವ ಮೇನ್ ಬೇರಿಂಗ್ ಹೋಯಿತು. ಕ್ಯಾಮ್ ಯಾರ ಕೈಯಲ್ಲಾದರೂ ಹೋಗಬಹುದು, ಒಪ್ಪುತ್ತೇನೆ. ಆದರೆ ಹೋಯಿತು ಅಂತ ಕಣ್ಣಾರೆ ನೋಡಿದ ಮೇಲೂ ಬ್ಲಾಕ್ ತೊಳೆಯದೇ ವಾಪಸ್ ಕೊಟ್ಟರೆ ಅದನ್ನು ಹೇಗೆ ಒಪ್ಪುವುದು?

ಇಷ್ಟಾದ ಮೇಲೆ ವಾರಂಟಿ ಮುಗಿಯಿತು ಅಂದರು. ಮಿಷಿಗನ್‌ನಲ್ಲಿ 1974ರ ವಾಹನ ರಿಪೇರಿ ಕಾಯ್ದೆ ಇದೆ. ರಿಪೇರಿ ಶಾಪ್‌ಗಳು ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ನೋಂದಾಯಿಸಿಕೊಂಡಿರಬೇಕು, ದೂರು ಕೊಡುವುದೂ ಅಲ್ಲೇ. ಬಿಲ್, ಫಿಲ್ಟರ್ ಫೋಟೋ, ತಾರೀಖು ಹಾಕಿದ ಇಮೇಲ್ ಎಲ್ಲ ಸೇರಿಸಿ ಕೊಟ್ಟೆ. ಮೂರು ತಿಂಗಳಿಗೆ 2,800 ವಾಪಸ್ ಬಂತು. ಉಳಿದದ್ದು ಬರಲಿಲ್ಲ. ಫೋನಿನಲ್ಲಿ ಮಾತಾಡಿದ ಯಾವುದೂ ಕೆಲಸಕ್ಕೆ ಬರಲಿಲ್ಲ, ಬರೆದದ್ದಷ್ಟೇ ಉಳಿಯಿತು. ಒಂದು ಮಾತ್ರ ಅವರಿಗೆ ಸಲ್ಲಬೇಕು. ಬ್ಲಾಕ್‌ನ ಮುಂದುಗಡೆ ನಂಬರ್ ಕೊರೆದ ಜಾಗ ಮುಟ್ಟಬೇಡಿ ಅಂತ ಬರೆದುಕೊಟ್ಟಿದ್ದೆ, ಮುಟ್ಟಿರಲಿಲ್ಲ. ಬ್ಲಾಕ್‌ನ ಮೇಲ್ಮೈ ಉಜ್ಜಿ ಸಮ ಮಾಡುವಾಗ ಆ ನಂಬರ್ ಅಳಿಸಿದ್ದರೆ ಒರಿಜಿನಲ್ ಎಂಜಿನ್ ಅಂತ ತೋರಿಸಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ.

2023ರಲ್ಲಿ ಎರಡನೇ ಶಾಪ್‌ಗೆ ಕೊಟ್ಟೆ. ಎಂಜಿನ್ ಕೆಲಸ ಮಾತ್ರ ಮಾಡುವ ಸಣ್ಣ ಜಾಗ, ಅಪ್ಪ ಮಗ ಇಬ್ಬರೇ. ಬಿಚ್ಚಿದ ದಿನ ನನ್ನನ್ನು ಕರೆದು ಒಂದೊಂದು ಬೇರಿಂಗ್ ಕೈಗೆ ಕೊಟ್ಟು ತೋರಿಸಿದರು. ಈ ಸಲ 1,400 ಡಾಲರ್ ಜಾಸ್ತಿ ಕೊಟ್ಟು ಹೈಡ್ರಾಲಿಕ್ ರೋಲರ್ ಕ್ಯಾಮ್ (ಲಿಫ್ಟರ್ ತಳದಲ್ಲಿ ಉರುಳುವ ಚಕ್ರ ಇರುವಂಥದ್ದು) ಹಾಕಿಸಿದೆ. ಇದಕ್ಕೆ ಆ ಉಜ್ಜಾಟವೇ ಇಲ್ಲ. ಎಂಜಿನ್ ಸ್ಟ್ಯಾಂಡ್ ಮೇಲೆ ಓಡಿಸಿ, ಪ್ರೆಷರ್ ಬರೆದಿಟ್ಟು, ಆ ಫಿಲ್ಟರ್ ಅವರೇ ಕತ್ತರಿಸಿ ಕೊಟ್ಟರು. ಸ್ವಚ್ಛವಾಗಿತ್ತು. ಇಲ್ಲಿನ ಹಳೆ ಕಾರುಗಳ ಮೆರವಣಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸ್ ನೋಡಿದ್ದವರಿಗೆ ಗೊತ್ತಿರುತ್ತದೆ, ಆಗಸ್ಟ್ ಬಿಸಿಲಲ್ಲಿ ಗಂಟೆಗಟ್ಟಲೆ ನಿಂತು ನಿಂತು ಹೋಗಬೇಕು. ಎರಡು ವರ್ಷ ಅದರಲ್ಲಿ ಓಡಿಸಿದ್ದೇನೆ, ಪ್ರೆಷರ್ ಮುಳ್ಳು ಕದಲಲಿಲ್ಲ. ಈಗ 6,100 ಮೈಲಿ ಆಗಿದೆ. ಪ್ರತಿ ಸಲ ಫಿಲ್ಟರ್ ಕತ್ತರಿಸುತ್ತೇನೆ, ಇನ್ನೂ ಏನೂ ಕಂಡಿಲ್ಲ.

ಮೊದಲನೆಯದಕ್ಕೆ ಒಂದು ಸ್ಟಾರ್. ಎರಡನೆಯದಕ್ಕೆ ನಾಲ್ಕೂವರೆ. ಅರ್ಧ ಕಡಿಮೆ ಯಾಕೆಂದರೆ ಹಿಂದುಗಡೆಯ ಮೇನ್ ಸೀಲ್‌ನಿಂದ ಆಯಿಲ್ ಸ್ವಲ್ಪ ಜಿನುಗುತ್ತಿದೆ. ಫೋನ್ ಮಾಡಿ ಹೇಳಿದೆ. "ಅದು ನಮ್ಮ ಕೆಲಸ, ತಂದುಬಿಡಿ" ಅಂದರು ಮಗ, ಅದೇ ಸಂಜೆ ಇಮೇಲ್‌ನಲ್ಲೂ ಬರೆದು ಕಳಿಸಿದರು. ಮುಂದಿನ ವಾರ ಬಿಡುತ್ತೇನೆ.