ತೀರ್ಥಹಳ್ಳಿಯ ತೋಟವೋ, ಶಿರಾದ ಹೊಲವೋ?

ಬೆಂಗಳೂರಲ್ಲಿ ಕೆಲಸ, ಶನಿವಾರ ಭಾನುವಾರ ಮಾತ್ರ ಜಮೀನು ಅನ್ನುವವರು ಮಲೆನಾಡಿನ ಅಡಿಕೆ ತೋಟ ಕೊಳ್ಳಬೇಡಿ. ನಾನು ಕೊಂಡಿದ್ದೆ. 2018ರಲ್ಲಿ, ತೀರ್ಥಹಳ್ಳಿ ಕಡೆ ಎರಡು ಎಕರೆ, ಸಾವಿರದಷ್ಟು ಮರ. ಮೂರು ಮಳೆಗಾಲ ನೋಡಿ ಮಾರಿದೆ. ಆಮೇಲೆ ಶಿರಾ ತಾಲ್ಲೂಕಲ್ಲಿ ಐದು ಎಕರೆ ಕೆಂಪು ಮಣ್ಣಿನ ಖುಷ್ಕಿ, ಅಂದರೆ ಮಳೆ ನಂಬಿದ ಹೊಲ ತಗೊಂಡೆ. ಈಗ ನೆಮ್ಮದಿಯಾಗಿದ್ದೇನೆ.

ತೋಟದಲ್ಲಿ ನೀರಿಗೆ ಕೊರತೆ ಇರಲಿಲ್ಲ. ಕಾಡಿದ್ದು ಕೊಳೆರೋಗ. ಮಳೆ ಹಿಡಿಯುವ ಮುಂಚೆ ಒಂದು ಸಲ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಬೇಕು, ಅದೇನೋ ಆಗುತ್ತಿತ್ತು. 40-45 ದಿನಕ್ಕೆ ಎರಡನೇ ಸಲ ಹೊಡೆಯುವುದೇ ಕಷ್ಟ. ಅಷ್ಟೊತ್ತಿಗೆ ಪುನರ್ವಸು, ಪುಷ್ಯ ಮಳೆ ಜಡಿಯುತ್ತಿರುತ್ತದೆ. ಅಡಿಕೆ ಕೊನೆ (ಗೊನೆ) ಒಣಗಿದ್ದರೆ ತಾನೇ ಔಷಧಿ ಅಂಟುವುದು? ಒಂದು ವರ್ಷ ಮಳೆ ಹೊಳವಾಗಿದ್ದು ಮಂಗಳವಾರ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಬಿಡುವಾಗಿದ್ದು ಗುರುವಾರ. ನಾನು ಹೋಗಿ ಇಳಿದಿದ್ದು ಶನಿವಾರ, ಧೋ ಅಂತ ಮಳೆ. ಮುಂದಿನ ವಾರ ಹೋದರೆ ಮರದ ಬುಡದ ತುಂಬ ಹಸಿರು ಕಾಯಿ, ತೊಟ್ಟಿನ ಹತ್ತಿರ ಬೆಳ್ಳನೆ ಬೂಷ್ಟು.

ಇನ್ನೊಬ್ಬರ ಮೇಲೆ ಬಿಟ್ಟೂ ನೋಡಿದೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಲಸಿದ ಮೇಲೆ ಕುಡುಗೋಲಿನ ತುದಿ ಅದ್ದಿ ನೋಡಬೇಕು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಎದುರಿಗೆ ಇಲ್ಲದಿದ್ದರೆ ಇದನ್ನೆಲ್ಲ ನೋಡುವವರು ಯಾರು?

ಶಿರಾದಲ್ಲಿ ಬೋರ್ ಕೊರೆಸಲಿಲ್ಲ. ಬದು ಹಾಕಿಸಿ, ಒಂದು ಕೃಷಿ ಹೊಂಡ ತೆಗೆಸಿದೆ. ಎಂಟು ಸಾಲು ರಾಗಿ, ಎರಡು ಸಾಲು ತೊಗರಿ, ಬದುವಿನ ಮೇಲೆ ಹರಳು (ಔಡಲ). ರಾಗಿ ಜಿಪಿಯು-28 ತಳಿ, ಬೆಂಕಿ ರೋಗ ತಡೆಯುತ್ತದೆ. ಕಳೆ ತೆಗೆಯುವುದು ನಾಲ್ಕು ದಿನ ತಡವಾದರೂ ಬೆಳೆ ಕೈ ಬಿಡುವುದಿಲ್ಲ.

ಮಳೆ ಕೈಕೊಟ್ಟಿದ್ದೂ ಉಂಟು. 2023ರಲ್ಲಿ ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ. ನನ್ನ ರಾಗಿ ಅರ್ಧಕ್ಕೇ ನಿಂತಿತು. ತೊಗರಿ ಬೇರು ಆಳಕ್ಕೆ ಇಳಿದಿತ್ತಲ್ವಾ, ಮನೆಗೆ ಆಗುವಷ್ಟು ಬೇಳೆ ಬಂತು.

ದುಡ್ಡಿನ ಲೆಕ್ಕದಲ್ಲಿ ಅಡಿಕೆಯೇ ಜಾಸ್ತಿ, ಅದರಲ್ಲಿ ಅನುಮಾನ ಇಲ್ಲ. ಆದರೆ ನನ್ನ ಸಂಬಳದಲ್ಲಿ ಒಂದು ಬೆಳೆ ಪೂರ್ತಿ ಹೋದರೆ ತಡೆದುಕೊಳ್ಳಲು ಆಗಲ್ಲ. ರಾಗಿ ಹೊಲದ ಖರ್ಚು ಕಡಿಮೆ, ಹೋದರೂ ಕಡಿಮೆಯೇ ಹೋಗುತ್ತದೆ. ಮಳೆಗಾಲ ಪೂರ್ತಿ ಅಲ್ಲೇ ಇರಬಲ್ಲವರು ತೀರ್ಥಹಳ್ಳಿಗೇ ಹೋಗಿ. ಜುಲೈನಲ್ಲಿ ಕೊನೆಗಾರ ಬರುತ್ತಾನಾ ಅಂತ ಊರಲ್ಲಿ ವಿಚಾರಿಸಿಕೊಂಡು ಆಮೇಲೆ ಅಡ್ವಾನ್ಸ್ ಕೊಡಿ.