ಎಡ್ಜ್‌ನ ‘ರೀಡ್ ಅಲೌಡ್’: ಡಿಸ್ಲೆಕ್ಸಿಯಾ ಇರುವ ಸಿಎ ವಿದ್ಯಾರ್ಥಿಗೆ ಎಷ್ಟು ಉಪಯೋಗ?

ಶಿವಮೊಗ್ಗದಲ್ಲಿ ಬಿ.ಕಾಂ. ಮುಗಿಸಿ ಸಿಎಗೆ ಕೂರುವ, ಡಿಸ್ಲೆಕ್ಸಿಯಾ (ಓದು-ಬರಹ ಕಷ್ಟವಾಗುವ ಕಲಿಕಾ ತೊಂದರೆ) ಇರುವ ವಿದ್ಯಾರ್ಥಿಗೆ ಲೆಕ್ಕ ತಲೆಗೆ ಹತ್ತುತ್ತದೆ, ಇಂಗ್ಲಿಷ್ ಪುಟ ಮುಂದೆ ಸಾಗುವುದಿಲ್ಲ. ಅಂಥವರಿಗೆ ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರ್‌ನ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ‘ರೀಡ್ ಅಲೌಡ್’ ಪುಕ್ಕಟೆ ಸಿಗುವುದರಲ್ಲಿ ಒಳ್ಳೆಯ ಸಾಧನ. ಆದರೆ ರೇಡಿಯೋ ಹಾಕಿಕೊಂಡ ಹಾಗೆ ಹಾಕಿಕೊಂಡು ಮಲಗಿದರೆ ಏನೂ ದಕ್ಕುವುದಿಲ್ಲ.

ಸಿಎ ಪರೀಕ್ಷೆ ನಡೆಸುವ ಸಂಸ್ಥೆ ಐಸಿಎಐ ತನ್ನ ಸ್ಟಡಿ ಮೆಟೀರಿಯಲ್‌ನ ಪಿಡಿಎಫ್‌ಗಳನ್ನು ಉಚಿತವಾಗಿಯೇ ಕೊಡುತ್ತದೆ. ಒಂದು ಅಧ್ಯಾಯ ಇಳಿಸಿಕೊಂಡು ಕಂಪ್ಯೂಟರ್‌ನಲ್ಲಿ ಎಡ್ಜ್‌ನಿಂದ ತೆರೆದು ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ. ‘ವಾಯ್ಸ್ ಆಪ್ಷನ್ಸ್’ನಲ್ಲಿ ಭಾರತೀಯ ಇಂಗ್ಲಿಷ್‌ನ ನೀರ್ಜಾ ಅಥವಾ ಪ್ರಭಾತ್ ದನಿ ಆರಿಸಿ, ಅಮೆರಿಕನ್ ದನಿ ನಮ್ಮ ಕಿವಿಗೆ ಇನ್ನೊಂದು ಹೊರೆ. ವೇಗವನ್ನು ಶುರುವಿಗೆ ಸಾಮಾನ್ಯಕ್ಕಿಂತ ಸ್ವಲ್ಪ ಕೆಳಗಿಡಿ. ಓದುತ್ತಿರುವ ಪದಕ್ಕೆ ಬಣ್ಣ ಬರುತ್ತದೆ, ಕಣ್ಣು ಅದರ ಜೊತೆಗೇ ಹೋಗಬೇಕು. ಒಂದು ಪ್ಯಾರಾ ಮುಗಿದ ಕೂಡಲೇ ನಿಲ್ಲಿಸಿ, ಪುಟ ನೋಡದೆ ಎರಡು ಸಾಲು ಕೈಯಲ್ಲಿ ಬರೆಯಿರಿ. ಈ ಕೊನೆಯ ಹೆಜ್ಜೆ ಬಿಟ್ಟವರಿಗೆ ಕೇಳುವಾಗ ಎಲ್ಲ ಅರ್ಥವಾಗಿರುತ್ತದೆ, ಸಂಜೆಗೆ ಖಾಲಿ.

ಕಾನೂನು, ಆಡಿಟ್‌ನಂಥ ಥಿಯರಿಗೆ ಇದು ಚೆನ್ನಾಗಿ ಒಗ್ಗುತ್ತದೆ. 1872ರ ಕರಾರು ಕಾಯ್ದೆಯ ಉದ್ದುದ್ದ ವಾಕ್ಯಗಳು ಕಣ್ಣಿಗಿಂತ ಕಿವಿಗೆ ಸಲೀಸು. ಅಕೌಂಟ್ಸ್‌ಗೆ ಬಂದರೆ ಮಾತ್ರ ಮುಗ್ಗರಿಸುತ್ತದೆ. ಸವಕಳಿಯ ಪಟ್ಟಿಯಲ್ಲಿ ಯಂತ್ರ, ಪೀಠೋಪಕರಣ, ಕಟ್ಟಡ ಅಂತ ಮೂರು ಕಾಲಂ ಇದ್ದರೆ, ಅಂಕಿಗಳು ಒಂದರ ಹಿಂದೆ ಒಂದು ಕೇಳಿಸುತ್ತವೆಯೇ ಹೊರತು ಯಾವುದು ಯಾವ ಕಾಲಂನದು ಎಂದು ತಿಳಿಯುವುದಿಲ್ಲ. ಟೇಬಲ್ ಬಂದಾಗ ದನಿ ನಿಲ್ಲಿಸಿ, ಸ್ಕೇಲ್ ಇಟ್ಟು ಒಂದೊಂದೇ ಅಡ್ಡಸಾಲು ಓದುವುದೇ ಸರಿ. ಪುಟದ ತಲೆಬರಹ, ಪುಟಸಂಖ್ಯೆಗಳೂ ವಾಕ್ಯದ ನಡುವೆ ನುಗ್ಗುತ್ತವೆ. ಅದಕ್ಕೆ ಕಿವಿ ಬೇಗ ಒಗ್ಗುತ್ತದೆ.

ಸಾಲು ತಪ್ಪುವವರಿಗೆ ಎಡ್ಜ್‌ನಲ್ಲೇ ‘ಇಮ್ಮರ್ಸಿವ್ ರೀಡರ್’ ಇದೆ: ಎಫ್9 ಒತ್ತಿದರೆ ಅಕ್ಷರದ ಅಂತರ ಹಿಗ್ಗಿಸಬಹುದು, ಒಂದು, ಮೂರು ಅಥವಾ ಐದು ಸಾಲು ಬಿಟ್ಟು ಉಳಿದದ್ದನ್ನು ಮಬ್ಬು ಮಾಡಬಹುದು. ಪಿಡಿಎಫ್‌ಗೆ ಮಾತ್ರ ಇದು ಬರುವುದಿಲ್ಲ, ಇದೇ ದೊಡ್ಡ ಕೊರತೆ. ಪಠ್ಯವನ್ನು ವರ್ಡ್‌ಗೆ ಅಂಟಿಸಿ ಅಲ್ಲಿನ ಇಮ್ಮರ್ಸಿವ್ ರೀಡರ್ ಬಳಸಬೇಕು.

ಕನ್ನಡ ನೋಟ್ಸ್ ಓದಲು ಸಪ್ನಾ, ಗಗನ್ ಎಂಬ ಎರಡು ದನಿಗಳಿವೆ, ಉಚ್ಚಾರ ಪರವಾಗಿಲ್ಲ. ತೊಂದರೆ ಬರುವುದು ‘ನುಡಿ’ ಎಂಬ ಹಳೆಯ ಕನ್ನಡ ಫಾಂಟ್‌ನ ಕಡತಗಳಲ್ಲಿ. ಪರದೆ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ದನಿ ಅದನ್ನೇ ಒದರುತ್ತದೆ. ಒಂದು ಸಾಲನ್ನು ನೋಟ್‌ಪ್ಯಾಡ್‌ಗೆ ಅಂಟಿಸಿದರೆ ಗೊತ್ತಾಗುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿಕೊಂಡೇ ಓದಿಸಬೇಕು. ಜೆರಾಕ್ಸ್ ನೋಟ್ಸ್‌ನ ಫೋಟೋ ಆದರೆ ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರವಾಗುತ್ತದೆ. ಒತ್ತಕ್ಷರಗಳನ್ನು ಒಮ್ಮೆ ತಿದ್ದಿಕೊಳ್ಳಬೇಕು.

ನೀರ್ಜಾ, ಸಪ್ನಾ ಥರದ ಸಹಜ ದನಿಗಳಿಗೆ ಇಂಟರ್ನೆಟ್ ಬೇಕೇ ಬೇಕು. ಮಳೆಗಾಲದ ಹೊಸನಗರ, ತೀರ್ಥಹಳ್ಳಿ ಕಡೆ ಟವರ್ ಹೋದರೆ ಓದು ಅರ್ಧಕ್ಕೇ ನಿಲ್ಲುತ್ತದೆ. ದನಿಗಳ ಪಟ್ಟಿಯಲ್ಲಿ ಹೆಸರಿನ ಮುಂದೆ ‘ಆನ್‌ಲೈನ್’ ಎಂದಿಲ್ಲದ್ದು ನೆಟ್ ಇಲ್ಲದೆಯೂ ನಡೆಯುತ್ತದೆ. ಯಂತ್ರದ ದನಿ, ಆದರೂ ಆದೀತು. ಆಂಡ್ರಾಯ್ಡ್ ಫೋನಿಗೆ ಕನ್ನಡದ ವಾಯ್ಸ್ ಡೇಟಾ ಮೊದಲೇ ಇಳಿಸಿಕೊಂಡಿರಿ.

ಪರೀಕ್ಷಾ ಕೊಠಡಿಗೆ ಈ ದನಿ ಬರುವುದಿಲ್ಲ. ಕೊನೆಯ ಎರಡು ತಿಂಗಳು ಹಳೆ ಪ್ರಶ್ನೆಪತ್ರಿಕೆಗಳನ್ನು ದನಿಯಿಲ್ಲದೆ, ಹೆಚ್ಚುವರಿ ಸಮಯ ಸೇರಿಸಿ ಬಿಡಿಸಬೇಕು. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ 40 ಶೇಕಡಾ ಅಥವಾ ಹೆಚ್ಚಿನ ಅಂಗವೈಕಲ್ಯ ಪ್ರಮಾಣಪತ್ರ ಇದ್ದವರಿಗೆ ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚು. ಡಿಸ್ಲೆಕ್ಸಿಯಾ ಸೇರುವ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯನ್ನು 14ನೇ ವಯಸ್ಸಿನಲ್ಲಿ, ಮತ್ತೆ 18ರಲ್ಲಿ ಪುನಃ ತಪಾಸಣೆ ಮಾಡುತ್ತಾರೆ. 18ರಲ್ಲಿ ಕೊಟ್ಟ ಪ್ರಮಾಣಪತ್ರ ಜೀವನಪೂರ್ತಿಗೆ. ಹೈಸ್ಕೂಲಿನ ಪ್ರಮಾಣಪತ್ರ ಇಟ್ಟುಕೊಂಡು ಪರೀಕ್ಷಾ ಫಾರಂ ತುಂಬಲು ಹೋದರೆ ಅಲ್ಲೇ ಸಿಕ್ಕಿಕೊಳ್ಳುತ್ತೀರಿ. ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕುವ ಕೆಲಸವನ್ನು ಫಾರಂ ಬರುವ ಮೊದಲೇ ಮುಗಿಸಿಕೊಳ್ಳಿ.