ಕಾರಿನೊಳಗೆ ನೀರು ಬಂದರೆ ಮೊದಲು ವೈಪರ್ ಬುಡ ನೋಡಿ, ನನ್ನ ಹಾಗೆ 26 ಸಾವಿರ ಸುರಿಯಬೇಡಿ

25,850 ರೂಪಾಯಿ. ಎರಡು ಬಿಲ್ ಸೇರಿ ಇಷ್ಟು ಕೊಟ್ಟೆ. ಕಾರಿನೊಳಗೆ ನೀರು ಬರೋದು ಮಾತ್ರ ನಿಲ್ಲಲಿಲ್ಲ. ಕೊನೆಗೆ ಸರಿಯಾಗಿದ್ದು 600 ರೂಪಾಯಿಗೆ, ಮುಕ್ಕಾಲು ಗಂಟೆಯಲ್ಲಿ, ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ. ಬರೆಯೋಕೆ ನಾಚಿಕೆ ಆಗುತ್ತದೆ. ಹದಿನೈದು ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಆದರೂ ವರ್ಕ್‌ಶಾಪಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಸಹಿ ಹಾಕಿಕೊಟ್ಟೆ. ಈ ಮಳೆಗಾಲದಲ್ಲಿ ಇನ್ನೆಷ್ಟು ಜನ ಹೀಗೆ ಸಹಿ ಹಾಕುತ್ತಾರೋ ಅನ್ನೋ ಸಂಕಟಕ್ಕೆ ಬರೆಯುತ್ತಿದ್ದೇನೆ.

ನಮ್ಮ ಮನೆ ತೀರ್ಥಹಳ್ಳಿ ಕಡೆ. ಜುಲೈ ಮೊದಲ ವಾರ ಅಮ್ಮನ ಹಾರ್ಟ್ ಚೆಕಪ್ಪಿಗೆ ಅಂತ ಶಿವಮೊಗ್ಗಕ್ಕೆ ಹೊರಟಿದ್ದೆವು. ಹಿಂದಿನ ರಾತ್ರಿಯಿಡೀ ಮಳೆ ಹೊಡೆದಿತ್ತು. ಅಮ್ಮ ಮುಂದಿನ ಎಡಗಡೆ ಸೀಟಿನಲ್ಲಿ, ರಿಪೋರ್ಟುಗಳ ಬಟ್ಟೆ ಚೀಲ ಕಾಲ ಹತ್ತಿರ. ಮಂಡಗದ್ದೆ ದಾಟಿದ ಮೇಲೆ "ಕಾಲು ಯಾಕೋ ತಣ್ಣಗಾಗ್ತಿದೆ ಕಣೋ" ಅಂದಳು. ಎಸಿ ಗಾಳಿ ಅಂದುಕೊಂಡು ಗಾಳಿ ಕಡಿಮೆ ಮಾಡಿದೆ. ಆಸ್ಪತ್ರೆಯಲ್ಲಿ ಚೀಲ ಎತ್ತಿದರೆ ತಳದಿಂದ ನೀರು ತೊಟ್ಟಿಕ್ಕುತ್ತಿದೆ. ಎಕೋ ರಿಪೋರ್ಟಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಡಾಕ್ಟರು ಹಿಂದಿನ ಸಲ ಕೈಯಲ್ಲಿ ಬರೆದುಕೊಟ್ಟಿದ್ದ ಮಾತ್ರೆಗಳ ಪಟ್ಟಿ ನೀಲಿ ಕಲೆಯಾಗಿ ಹರಡಿಹೋಗಿತ್ತು. ವಾಪಸ್ ಕಾರಿನ ಹತ್ತಿರ ಬಂದು ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿದೆ, ಪಿಚಕ್ ಅಂತ ನೀರು ಬೆರಳ ಮೇಲೆ ಬಂತು.

ಅವತ್ತೇ ಕಾರನ್ನು ಶಿವಮೊಗ್ಗದ ದೊಡ್ಡ ವರ್ಕ್‌ಶಾಪಿಗೆ ಬಿಟ್ಟೆ. ಹೆಸರು ಹಾಕುವುದಿಲ್ಲ, ವಿಷಯ ಇನ್ನೂ ಮುಗಿದಿಲ್ಲ. ಎಸಿ ಇರುವ ಆಫೀಸು, ಕಾಫಿ ಮೆಷಿನ್ನು, ಇಸ್ತ್ರಿ ಶರ್ಟು ಹಾಕಿದ ಅಡ್ವೈಸರ್. ಆತ ಬಾಗಿಲು ತೆಗೆದು ಒಂದು ಸಲ ಕೈ ಇಟ್ಟು ನೋಡಿ, ಎರಡು ನಿಮಿಷ ಕೂಡ ಆಗಿರಲಿಲ್ಲ, "ಸಾರ್, ಕೂಲಿಂಗ್ ಕಾಯಿಲ್ ಲೀಕ್" ಅಂದ. ಎಸಿ ಗಾಳಿಯನ್ನು ತಂಪು ಮಾಡುವ ಭಾಗ ಅದು, ಡ್ಯಾಶ್‌ಬೋರ್ಡ್ ಹಿಂದೆ ಇರುತ್ತದೆ. ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು, ಕಾಯಿಲ್ ಹೊಸದು, ಗ್ಯಾಸ್ ಹೊಸದು, ಎರಡು ದಿನ ಬೇಕು. ನಾನು "ಎಸಿ ಚೆನ್ನಾಗೇ ತಂಪು ಕೊಡ್ತಿದೆಯಲ್ಲ" ಅಂದೆ. ಹೌದು, ಕೇಳಿದೆ. ಅದಕ್ಕೆ ಆತ "ಈಗ ಕೊಡುತ್ತೆ ಸಾರ್, ಆಮೇಲೆ ಪೂರ್ತಿ ಹೋಗುತ್ತೆ, ಆಗ ಖರ್ಚು ಡಬಲ್" ಅಂದ. ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದಳು, ಬಸ್ಸಿಗೆ ಹೊತ್ತಾಗುತ್ತಿತ್ತು. ಸಹಿ ಹಾಕಿದೆ. ಬಿಲ್ 18,650. ಅದರಲ್ಲಿ 850 ರೂಪಾಯಿ 'ವಾಟರ್ ಟೆಸ್ಟ್' ಅಂತ ಬೇರೆ. ಹಳೇ ಕಾಯಿಲ್ ಕೊಡಿ ಅಂದರೆ "ಸ್ಕ್ರಾಪಿಗೆ ಹೋಯ್ತು ಸಾರ್". ಹೊಸದು ಹಾಕಿದರೋ ಇಲ್ಲವೋ ದೇವರಿಗೇ ಗೊತ್ತು.

ಈಗ ನನಗೆ ಗೊತ್ತಾಗಿರುವ ವಿಷಯ ಹೇಳುತ್ತೇನೆ, ಇದನ್ನು ತಿಳಿದುಕೊಂಡಿದ್ದರೆ ಆ ಸಹಿ ಹಾಕುತ್ತಿರಲಿಲ್ಲ. ಕೂಲಿಂಗ್ ಕಾಯಿಲ್ ತೂತಾದರೆ ಹೊರಗೆ ಹೋಗೋದು ಗ್ಯಾಸ್, ನೀರಲ್ಲ. ಗ್ಯಾಸ್ ಹೋದರೆ ತಂಪು ನಿಲ್ಲುತ್ತದೆ. ಕಾಯಿಲ್ ಮೇಲೆ ಹನಿಗಟ್ಟುವ ನೀರು ಒಂದು ಸಣ್ಣ ಪೈಪಿನಲ್ಲಿ ಇಳಿದು ಕಾರಿನ ಕೆಳಗೆ ಬೀಳುತ್ತದೆ, ಎಸಿ ಹಾಕಿ ನಿಲ್ಲಿಸಿದಾಗ ನೆಲದ ಮೇಲೆ ಕಾಣುತ್ತದಲ್ಲ, ಅದೇ. ಆ ಪೈಪು ಕಟ್ಟಿಕೊಂಡರೆ ನೀರು ಒಳಗೆ ಬರಬಹುದು ನಿಜ. ಆದರೆ ಅದಕ್ಕೆ ಪೈಪ್ ಚೊಕ್ಕ ಮಾಡಿದರೆ ಸಾಕು. ಕಾಯಿಲ್ ಯಾಕೆ ಬದಲಿಸಬೇಕು? ದಿನಕ್ಕೆ ಹತ್ತು ಕಾರು ನೋಡುವ ಅವನಿಗೆ ಇದು ಗೊತ್ತಿಲ್ಲವಾ?

ಮನೆಗೆ ತಂದ ಮೂರನೇ ದಿನ ಜೋರು ಮಳೆ. ಬೆಳಿಗ್ಗೆ ನೋಡಿದರೆ ಮತ್ತೆ ನೀರು, ಈ ಸಲ ಜಾಸ್ತಿ. ಕಾರು ರಾತ್ರಿಯಿಡೀ ನಿಂತಲ್ಲೇ ನಿಂತಿತ್ತು, ಎಸಿ ಹಾಕೇ ಇಲ್ಲ. ಫೋನ್ ಮಾಡಿದೆ. "ಹೌದಾ ಸಾರ್? ಹಾಗಾದ್ರೆ ಮುಂದಿನ ಗ್ಲಾಸ್ ಬೀಡಿಂಗ್ ಹೋಗಿರುತ್ತೆ, ತಗೊಂಡು ಬನ್ನಿ." ಬೀಡಿಂಗ್ ಅಂದರೆ ಗಾಜಿನ ಸುತ್ತ ಇರುವ ರಬ್ಬರ್. ಮೊದಲು ಹೇಳಿದ್ದು ತಪ್ಪಾಯ್ತು ಅನ್ನೋ ಒಂದು ಮಾತಿಲ್ಲ. ಮತ್ತೆ 60 ಕಿಲೋಮೀಟರ್ ಹೋದೆ. ಗ್ಲಾಸ್ ತೆಗೆದು ಹೊಸ ಸೀಲಂಟ್ ಹಾಕಿ ಕೂರಿಸುತ್ತೇವೆ, 24 ಗಂಟೆ ಕಾರು ತೊಳೆಯಬೇಡಿ ಅಂದರು. 7,200. ಬಿಲ್ಲಿನಲ್ಲಿ 'ಗ್ಲಾಸ್ ರಿಮೂವ್ ಅಂಡ್ ರೀಫಿಟ್, ಲೀಕ್ ಟೆಸ್ಟ್ ಓಕೆ' ಅಂತ ಸ್ಪಷ್ಟವಾಗಿ ಇದೆ.

ಲೀಕ್ ಟೆಸ್ಟ್ ಓಕೆ ಅಂತೆ. ಐದನೇ ದಿನ ಮತ್ತೆ ನೀರು. ಒಳಗೆ ಕೂತರೆ ಕೊಳೆತ ಗೋಣಿಚೀಲದ ವಾಸನೆ. ಡ್ಯಾಶ್‌ಬೋರ್ಡ್ ಬಿಚ್ಚಿ ಕೂರಿಸಿದ ಮೇಲೆ ಹಂಪ್ ಬಂದಾಗಲೆಲ್ಲ ಕಟಕಟ ಶಬ್ದ ಬೇರೆ. ಫೋನ್ ಮಾಡಿದಾಗ ಆತ ಹೇಳಿದ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ: "ಸಾರ್, ನೀರಲ್ವಾ, ಒಂದು ಕಡೆ ಮುಚ್ಚಿದ್ರೆ ಇನ್ನೊಂದು ಕಡೆ ದಾರಿ ಹುಡುಕುತ್ತೆ. ನಿಮ್ಮ ಕಡೆ ಮಳೆನೂ ಜಾಸ್ತಿ." ಆಮೇಲೆ ದನಿ ಸ್ವಲ್ಪ ತಗ್ಗಿಸಿ, "ಗಾಡಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದಾ? ಆಕ್ಸಿಡೆಂಟ್ ಆಗಿ ಬಾಡಿ ಬೆಂಡ್ ಆಗಿರ್ಬೋದು" ಅಂದ. ಶೋರೂಮಿನಿಂದ ಹೊಸದಾಗಿ ತಂದ ಕಾರು, ಏಳು ವರ್ಷದಿಂದ ಅವರಲ್ಲೇ ಸರ್ವೀಸು! ಫ್ಲೋರ್ ಪೂರ್ತಿ ಬಿಚ್ಚಿ ನೋಡಬೇಕು, 35 ಸಾವಿರದವರೆಗೆ ಆಗಬಹುದು ಅಂತ ವಾಟ್ಸಾಪಿನಲ್ಲಿ ಎಸ್ಟಿಮೇಟ್ ಕಳಿಸಿದ. ನಾನು ಉತ್ತರ ಕೊಡಲಿಲ್ಲ.

ಪಕ್ಕದ ಮನೆಯವರು ಹೇಳಿದ್ದಕ್ಕೆ ಊರ ಹತ್ತಿರದ ಆ ಶೆಡ್ಡಿಗೆ ಹೋದೆ. ವಯಸ್ಸಾದ ಮೆಕ್ಯಾನಿಕ್ ಒಬ್ಬರು, ಜೊತೆಗೆ ಒಬ್ಬ ಹುಡುಗ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಎಸಿ ಹಾಕದಿದ್ರೂ ನೀರು ಬರ್ತದಾ?" ಬರುತ್ತದೆ ಅಂದೆ. "ಮತ್ತೆ ಎಸಿ ಯಾಕೆ ಬಿಚ್ಚಿಸಿದ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಗ್ಲೋವ್ ಬಾಕ್ಸ್ ಕಳಚಿ, ಹಿಂದಿದ್ದ ಎಸಿ ಫಿಲ್ಟರ್ ಎಳೆದರು. ಒದ್ದೆ, ಕಪ್ಪು, ಬೂಸ್ಟು. ನನ್ನ ಕೈಗೆ ಟಾರ್ಚ್ ಕೊಟ್ಟು ಕೆಳಗೆ ಬಗ್ಗಿ ನೋಡುತ್ತಿರಿ ಅಂದರು. ಹುಡುಗ ಬಾನೆಟ್ ಎತ್ತಿ ಎಡಗಡೆ ವೈಪರ್ ಬುಡಕ್ಕೆ ಒಂದು ಮಗ್ ನೀರು ಹೊಯ್ದ. ಏನೂ ಇಲ್ಲ. ಎರಡನೇ ಮಗ್. ಮೂರನೇದಕ್ಕೆ ಬ್ಲೋವರ್ (ಕಾರಿನೊಳಗೆ ಗಾಳಿ ಊದುವ ಫ್ಯಾನ್) ಬಾಯಿಂದ ಸಣ್ಣಗೆ, ದಾರದ ಹಾಗೆ ನೀರು ಇಳಿಯೋಕೆ ಶುರುವಾಯ್ತು. ಮೂರು ಮಗ್ ನೀರು! ಇಷ್ಟಕ್ಕೆ ಅಲ್ಲಿ 850 ರೂಪಾಯಿ ವಾಟರ್ ಟೆಸ್ಟ್.

ಗಾಜಿನ ಬುಡದಲ್ಲಿ ಜಾಲರಿ ಇರುವ ಕಪ್ಪು ಪ್ಲಾಸ್ಟಿಕ್ ಪಟ್ಟಿ ಇರುತ್ತದಲ್ಲ, ಗಾಜಿನ ಮೇಲೆ ಬಿದ್ದ ಮಳೆನೀರು ಅದರೊಳಗೆ ಇಳಿದು ಬದಿಯ ತೂತುಗಳಿಂದ ಕೆಳಗೆ ಹೋಗಬೇಕು. ಹೊರಗಿನ ಗಾಳಿ ಬ್ಲೋವರಿಗೆ ಹೋಗುವ ಬಾಯಿಯೂ ಅಲ್ಲೇ ಪಕ್ಕದಲ್ಲಿದೆ. ತೂತು ಕಟ್ಟಿಕೊಂಡರೆ ನೀರು ಅಲ್ಲೇ ನಿಂತು ಏರುತ್ತದೆ, ಆ ಬಾಯಿಯ ಮಟ್ಟಕ್ಕೆ ಬಂದರೆ ಸೀದಾ ಒಳಗೆ. ನಾನು ಕಾರು ನಿಲ್ಲಿಸೋದು ಗುಲ್‌ಮೊಹರ್ ಮರದ ಕೆಳಗೆ. ಅದರ ಎಲೆ ಗೊತ್ತಲ್ಲ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಜಾಲರಿಯೊಳಗೆ ಸಲೀಸಾಗಿ ನುಸುಳುತ್ತದೆ.

ಪಟ್ಟಿ ಬಿಚ್ಚುವ ಮೊದಲು ಅವರು ನನ್ನನ್ನು ಕರೆದು ಅದರ ಕ್ಲಿಪ್ಪುಗಳನ್ನು ತೋರಿಸಿದರು. ಪ್ರತಿ ಕ್ಲಿಪ್ಪಿನ ಸುತ್ತ ಕೆಸರು ಒಣಗಿ ಗಟ್ಟಿಯಾಗಿ ಕೂತಿತ್ತು, ಒಂದರ ಮೇಲೆ ಪಾಚಿ. "ಇದನ್ನ ಯಾರೂ ಮುಟ್ಟೇ ಇಲ್ಲ" ಅಂದರು. ನನಗೆ ತಕ್ಷಣ ಅರ್ಥವಾಗಲಿಲ್ಲ. "ಗ್ಲಾಸ್ ತೆಗೀಬೇಕು ಅಂದ್ರೆ ಮೊದ್ಲು ಇದು ಬಿಚ್ಚಬೇಕು. ಇದು ಬಿಚ್ಚದೆ ಗ್ಲಾಸ್ ಬರೋದಿಲ್ಲ." ಗಾಜಿನ ಅಂಚಿನಲ್ಲಿ ಹೊರಗಿನಿಂದ ಎಳೆದಿದ್ದ ಕಪ್ಪು ಸಿಲಿಕಾನನ್ನು ಉಗುರಿನಿಂದ ಎತ್ತಿದರು, ರಬ್ಬರ್ ಬ್ಯಾಂಡ್ ಹಾಗೆ ಉದ್ದಕ್ಕೆ ಎದ್ದು ಬಂತು.

ಗ್ಲಾಸ್ ತೆಗೆದೇ ಇರಲಿಲ್ಲ. ತೆಗೆದು ಕೂರಿಸಿದ್ದಕ್ಕೆ ಅಂತ 7,200 ತಗೊಂಡಿದ್ದರು. ಆ ಹೊತ್ತಿನಲ್ಲಿ ನನಗೆ ಏನಾಯ್ತು ಅಂತ ಹೇಳೋಕೆ ಬರೋದಿಲ್ಲ. ಕಿವಿ ಬಿಸಿಯಾಯ್ತು. ಆ ಹುಡುಗ ನನ್ನ ಮುಖ ನೋಡದೆ ಬೇರೆ ಕಡೆ ತಿರುಗಿಕೊಂಡ. ಕಾಯಿಲ್ ವಿಷಯದಲ್ಲಿ ಬೇಕಾದರೆ ಅವರಿಗೆ ಗೊತ್ತಾಗಲಿಲ್ಲ ಅನ್ನಬಹುದು. ಇದು ಹಾಗಲ್ಲ, ಇದು ಗೊತ್ತಿದ್ದೇ ಮಾಡಿದ್ದು.

ಪಟ್ಟಿ ತೆಗೆದರೆ ಒಳಗೆ ಎರಡು ಬೊಗಸೆ ಗೊಬ್ಬರ. ಕೊಳೆತ ಎಲೆ, ಮಣ್ಣು, ಒಂದು ಎರೆಹುಳ ಕೂಡ. ತೂತಿಗೆ ತಂತಿ ಹಾಕಿ ಚುಚ್ಚಿದ ಕೂಡಲೇ ನಿಂತಿದ್ದ ನೀರು ಗೊಳಗೊಳ ಅಂತ ಇಳಿದುಹೋಯ್ತು. ಆಮೇಲೆ ಹತ್ತು ನಿಮಿಷ ಪೈಪ್ ಹಿಡಿದು ನೀರು ಬಿಟ್ಟರು, ಒಳಗೆ ಒಂದು ಹನಿ ಇಲ್ಲ. ಎಲ್ಲ ವಿಡಿಯೋ ಮಾಡಿಕೊಂಡೆ. ಸೀಟು ಬಿಚ್ಚಿ ಕಾರ್ಪೆಟ್ ಎತ್ತಿ, ಅಡಿಯ ಫೋಮ್ ತೆಗೆದು ಹಿಂಡಿದರೆ ಅರ್ಧ ಬಕೆಟ್ ನೀರು. ಫ್ಲೋರಿನ ಒಂದು ಮೂಲೆಯಲ್ಲಿ ಆಗಲೇ ತುಕ್ಕು. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗಿಂದು, ಅದನ್ನು ಸುಮ್ನೆ ಎಳೆಯಬೇಡಿ ಅಂತ ಹುಡುಗನಿಗೆ ಎರಡು ಸಲ ಹೇಳಿ, ಬ್ಯಾಟರಿ ಕಳಚಿದ ಮೇಲೇ ಸೀಟು ಮುಟ್ಟಲು ಬಿಟ್ಟಿದ್ದರು. ಜುಲೈ ತಿಂಗಳಲ್ಲಿ ನಮ್ಮಲ್ಲಿ ಬಿಸಿಲೆಲ್ಲಿ, ಫೋಮನ್ನು ನಾಲ್ಕು ದಿನ ಬಚ್ಚಲಮನೆಯಲ್ಲಿ ಒಲೆಯಿಂದ ದೂರಕ್ಕೆ ಹಗ್ಗ ಕಟ್ಟಿ ಒಣಗಿಸಿದೆವು.

ವಿಡಿಯೋ ಹಿಡಿದುಕೊಂಡು ವರ್ಕ್‌ಶಾಪಿಗೆ ಹೋದೆ. ಅಡ್ವೈಸರ್ ಹತ್ತು ಸೆಕೆಂಡ್ ನೋಡಿ ಫೋನ್ ವಾಪಸ್ ಕೊಟ್ಟ. "ಹೊರಗಡೆ ಬಿಚ್ಚಿಸಿದ್ದೀರಲ್ಲ ಸಾರ್, ಇನ್ನು ನಮ್ಮ ಕೆಲಸಕ್ಕೆ ವಾರಂಟಿ ಬರಲ್ಲ." ಗ್ಲಾಸ್ ತೆಗೆದಿದ್ದೀರಾ ಇಲ್ವಾ, ಅದೊಂದು ಹೇಳಿ ಅಂದೆ. "ಟೆಕ್ನಿಷಿಯನ್ ರಜೆ ಮೇಲಿದ್ದಾನೆ." ಮ್ಯಾನೇಜರ್ ಬಂದರು. ಅವರು ಹೇಳಿದ್ದು, "ಮರದ ಕೆಳಗೆ ನಿಲ್ಲಿಸಿ ಎಲೆ ಕ್ಲೀನ್ ಮಾಡದೇ ಇರೋದು ಓನರ್ ತಪ್ಪಾಗುತ್ತೆ." ಸರಿ, ನನ್ನ ತಪ್ಪೇ. ಹಾಗಾದರೆ ಎರಡು ಸಲ ಕಾರು ತಂದಾಗ ಆ ಎಲೆ ನಿಮಗೆ ಯಾಕೆ ಕಾಣಲಿಲ್ಲ ಅಂದೆ. ಅದಕ್ಕೆ ಉತ್ತರ ಇಲ್ಲ. ಮುಂದಿನ ಸರ್ವೀಸಿಗೆ ಶೇ. 10 ಡಿಸ್ಕೌಂಟ್ ಕೊಡ್ತೀವಿ ಅಂದರು. ಮುಂದಿನ ಸರ್ವೀಸಂತೆ!

ನಿಮ್ಮ ಕಾರಿನಲ್ಲಿ ನೀರು ಕಂಡರೆ ಗ್ಯಾರೇಜಿಗೆ ಓಡುವ ಮೊದಲು ಕಾರ್ಪೆಟ್ ಒರೆಸಿ ಪೇಪರ್ ಹಾಸಿ, ಒಂದು ದಿನ ಎಸಿ ಹಾಕದೆ ಮಳೆಯಲ್ಲಿ ಬಿಡಿ, ಇನ್ನೊಂದು ದಿನ ಮಳೆ ಇಲ್ಲದಾಗ ಎಸಿ ಹಾಕಿ ಓಡಿಸಿ. ಯಾವಾಗ ಪೇಪರ್ ಒದ್ದೆಯಾಯ್ತು ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ನೀರು ಅಂಟಂಟಾಗಿ ಸಿಹಿ ವಾಸನೆ ಬಂದರೆ ಅದು ಕೂಲಂಟ್ (ಇಂಜಿನ್ ತಂಪು ಮಾಡುವ ದ್ರವ), ಅದಕ್ಕೆ ತಡ ಮಾಡಬೇಡಿ. ಸ್ಪೀಕರ್ ಹಾಕಿಸುವಾಗ ಬಾಗಿಲೊಳಗಿನ ಪ್ಲಾಸ್ಟಿಕ್ ಶೀಟ್ ಹರಿದಿದ್ದರೂ ನೀರು ಬರುತ್ತದೆ, ಸನ್‌ರೂಫ್ ಇದ್ದರೆ ಅದರ ಪೈಪ್ ಕಟ್ಟಿದ್ದರೂ ಬರುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಗುಂಡಿಯಲ್ಲಿ ನೀರಿದ್ದರೆ ಟೇಲ್ ಲ್ಯಾಂಪ್ ರಬ್ಬರ್ ನೋಡಿಸಿ. ಪೈಪ್ ಹಿಡಿದು ಟೆಸ್ಟ್ ಮಾಡುವಾಗ ಕೆಳಗಿನಿಂದ ಮೇಲಕ್ಕೆ ಬನ್ನಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತಿರಬೇಕು. ನೀರು ಎಲ್ಲಿಂದ ಬರ್ತಿದೆ ಅಂತ ಕಣ್ಣಿಗೆ ತೋರಿಸದೆ ಡ್ಯಾಶ್‌ಬೋರ್ಡ್ ಬಿಚ್ಚುತ್ತೇವೆ ಅಂದರೆ ದಯವಿಟ್ಟು ಕಾರು ವಾಪಸ್ ತನ್ನಿ. ಹಳೇ ಪಾರ್ಟ್ ಬೇಕು ಅಂತ ಜಾಬ್ ಕಾರ್ಡಿನಲ್ಲಿ (ಕಾರು ಬಿಡುವಾಗ ಮಾಡಬೇಕಾದ ಕೆಲಸ ಬರೆದು ಸಹಿ ಹಾಕಿಸಿಕೊಳ್ಳುವ ಹಾಳೆ) ಮೊದಲೇ ಬರೆಸಿ. ನಾನು ಬರೆಸಲಿಲ್ಲ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅದರಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ, ಎರಡು ವರ್ಷದೊಳಗೆ ಹಾಕಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಫೀಸೂ ಇಲ್ಲ. ಎರಡು ಬಿಲ್, 35 ಸಾವಿರದ ವಾಟ್ಸಾಪ್ ಎಸ್ಟಿಮೇಟ್, ಪಾಚಿ ಹಿಡಿದ ಕ್ಲಿಪ್ಪಿನ ಫೋಟೋ, ಎದ್ದು ಬಂದ ಸಿಲಿಕಾನಿನ ಉದ್ದನೆ ತುಂಡು, ಎಲ್ಲ ಒಂದು ಕವರಿನಲ್ಲಿ ಹಾಕಿಟ್ಟಿದ್ದೇನೆ. ವರ್ಕ್‌ಶಾಪಿನಿಂದ ಇವತ್ತಿನವರೆಗೆ ಬಂದಿರೋದು ಒಂದೇ ಮೆಸೇಜು, ಸರ್ವೀಸ್ ಹೇಗಿತ್ತು, ಐದು ಸ್ಟಾರ್ ಕೊಡಿ ಅಂತ.